ಕೆಳಗಿನ ಗಂಟು

ಸ್ಟೀಲಿನ ತಾಟಿನಲ್ಲಿ ದಾಳ ಖಣಖಣ ಉರುಳಿ, ಅಂಚಿಗೆ ಬಡಿದು ನಿಂತಿತು. ಪಕ್ಕದ ಕಾರ್ಖಾನೆಯ ಪವರ್‌ಲೂಮುಗಳ ಗದ್ದಲದ ನಡುವೆಯೂ ಆ ಸಣ್ಣ ಸದ್ದು ಕೋಣೆಯಲ್ಲಿದ್ದ ನಾಲ್ವರಿಗೂ ಕೇಳಿಸಿತು. ಇಪ್ಪತ್ತು ಮುಖದ ದಾಳ ಮೂರನ್ನು ತೋರಿಸುತ್ತಿತ್ತು.

“ಮೂರು,” ಎಂದಳು ಸ್ನೇಹಲ. “ಸರದಾರ ಸತ್ತ.”

ಸರದಾರ ಶೈಲೇಶನ ಪಾತ್ರ. ಎರಡು ವರ್ಷದಿಂದ ಅವನ ಕತ್ತಿ, ಅವನ ಕುದುರೆ, ಅವನ ಹಳೆಯ ಗಾಯಗಳು ಈ ಕೋಣೆಯಲ್ಲಿ ಎಲ್ಲರಿಗೂ ಪರಿಚಯವಾಗಿದ್ದವು.

ಸೊಲ್ಲಾಪುರದಲ್ಲಿ, ಅಕ್ಕಲಕೋಟ ರಸ್ತೆಯ ಒಂದು ಟಾವೆಲ್ ಗೋದಾಮಿನ ಮೇಲಿನ ಖೋಲಿಯಲ್ಲಿ ಪ್ರತಿ ರವಿವಾರ ಮಧ್ಯಾಹ್ನ ಈ ಆಟ ನಡೆಯುತ್ತದೆ. ಆಡುವವರು ಒಬ್ಬೊಬ್ಬರೂ ಒಂದು ಪಾತ್ರವಾಗುತ್ತಾರೆ; ಪ್ರತಿ ಪಾತ್ರಕ್ಕೂ ಬೆರಳುದ್ದದ ಒಂದು ಗೊಂಬೆ. ಸ್ನೇಹಲ ಗೇಮ್ ಮಾಸ್ಟರ್. ಕಾಡು, ಕೋಟೆ, ಗಾಳಿ, ರಾಕ್ಷಸ ಎಲ್ಲವೂ ಅವಳೇ. ಪಾತ್ರ ಏನು ಮಾಡುತ್ತದೆಂದು ಆಟಗಾರ ಹೇಳುತ್ತಾನೆ, ದೊಡ್ಡ ಸಂಖ್ಯೆ ಬಿದ್ದರೆ ಆಯಿತು, ಸಣ್ಣದು ಬಿದ್ದರೆ ಇಲ್ಲ ಎಂದು ದಾಳ ಹೇಳುತ್ತದೆ, ಆದದ್ದು ಏನೆಂದು ಸ್ನೇಹಲ ಹೇಳುತ್ತಾಳೆ.

ಅವಳು ಅಕ್ಕಲಕೋಟ ಕಡೆಯ ಹನ್ನೂರಿನ ಕುರಿಗಾರರ ಮನೆಯ ಹುಡುಗಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಪುಣೆಯಲ್ಲಿ ಇಂಥ ಆಟ ಆಡಲು ಜನ ಸೇರುವ ಒಂದು ಹೋಟೆಲಿನಲ್ಲಿ ಚಹಾ ಕೊಡುತ್ತಿದ್ದಳು. ಒಂದು ಸಂಜೆ ಆಟಗಾರನೊಬ್ಬ ಬರಲಿಲ್ಲ. ಲೆಕ್ಕಕ್ಕೆ ಇರಲಿ ಎಂದು ಅವನ ಕುರ್ಚಿಯಲ್ಲಿ ಇವಳನ್ನು ಕೂಡಿಸಿದರು. ಆರು ತಿಂಗಳಾಗುವಷ್ಟರಲ್ಲಿ ಕಥೆ ನಡೆಸುವ ಕುರ್ಚಿಯೇ ಅವಳದಾಗಿತ್ತು. ಊರ ಕಡೆ ಮರಳಿ ಬಂದು ಸೊಲ್ಲಾಪುರದ ಅಂಗಡಿಯೊಂದರಲ್ಲಿ ಬಿಲ್ ಮಾಡಲು ನಿಂತಾಗ, ಪುಣೆಯಿಂದ ತಂದದ್ದು ಒಂದು ದಪ್ಪ ಇಂಗ್ಲಿಷ್ ಪುಸ್ತಕ ಮತ್ತು ಒಂದು ಹಿಡಿ ದಾಳ.

“ಮದುವಿ ವಯಸ್ಸಿನ್ಯಾಗ ಗೊಂಬಿ ಇಟಗೊಂಡು ಕುಂದರತಾಳ,” ಎಂದು ತಾಯಿ ಲೀಲಾಬಾಯಿ ನೆರೆಯವರೆದುರು ಹೇಳಿದಾಗ ಸ್ನೇಹಲ ಅಲ್ಲೇ ಉತ್ತರ ಕೊಟ್ಟಿದ್ದಳು. “ಯವ್ವಾ, ನೀವು ಬೀರೋಬಾನ ಗುಡಿ ಮುಂದ ಡೊಳ್ಳು ಬಡದು ರಾಕ್ಷಸರ ಕಥಿ ಹಾಡತೀರಿ. ನಾ ದಾಳ ಒಗದು ಹೇಳತೀನಿ. ನಿಮ್ಮ ರಾಕ್ಷಸ ಅಷ್ಟ ಖರೇ ಏನು?”

ಆಟದಲ್ಲಿ ಅವಳಿಗೆ ಹೆಚ್ಚು ಇಷ್ಟವಾಗುವುದು ಕಾಳಗ. ಅದರಲ್ಲೂ ಪುಸ್ತಕ ಬರೆದವರಿಗೆ ಹೊಳೆಯದ ಪೇಚುಗಳು. ಹೆದರಿದವನು ಓಡಲೇಬೇಕು, ಆದರೆ ವೈರಿ ಹಗ್ಗದಿಂದ ಬಿಗಿದಿದ್ದಾನೆ, ಈಗ ಏನು? ಎದುರಿಗಿದ್ದದ್ದನ್ನು ಕಂಡು ಹೆದರಿದವನು ಮರುಕ್ಷಣ ಕುರುಡನಾದರೆ ಹೆದರಿಕೆ ಉಳಿಯುತ್ತದೆಯೆ?

“ಕಣ್ಣs ಕಾಣೂದಿಲ್ಲಂದ್ರ ಅಂಜಿಕಿ ಹ್ಯಾಂಗವ್ವಾ?” ಎಂದು ಕೇಳಿದ್ದರು ಸಿದ್ದಣ್ಣ. ಐವತ್ತು ದಾಟಿದ ಅವರು ಪಕ್ಕದ ಕಾರ್ಖಾನೆಯಲ್ಲಿ ಲೂಮು ರಿಪೇರಿ ಮಾಡುವವರು. ಒಮ್ಮೆ ಗೋದಾಮಿಗೆ ಬಂದು ಮೇಲಿನ ನಗೆ ಕೇಳಿ ಹತ್ತಿದವರು ಈಗ ಕೊಡಲಿ ಹಿಡಿದ ಕುಳ್ಳನ ಪಾತ್ರ ಆಡುತ್ತಾರೆ.

“ಕರೆಂಟ್ ಹೋದಾಗ ನೀವು ಅಂಜೂದಿಲ್ಲೇನು ಮಾಮಾ?”

“ಅಂಜತೀನಿ. ಮೊದಲಿಗಿಂತ ಜಾಸ್ತಿ.”

“ಹಂಗಾರ ಅಂಜಿಕಿ ಉಳೀತು.”

ಯಾವ ಪಾತ್ರಕ್ಕೆ ಏನಾಗಿದೆ ಎಂದು ತೋರಿಸಲು ಅವಳು ಲೂಮಿನ ತುಂಡುದಾರಗಳನ್ನು ಬಳಸುತ್ತಾಳೆ. ವಿಷ ಏರಿದರೆ ಗೊಂಬೆಯ ಕೊರಳಿಗೆ ಹಸಿರು ದಾರ, ಕಲ್ಲಾದರೆ ಬಿಳಿ, ಹೆದರಿದರೆ ಕೆಂಪು. ಮೊದಲು ಆದದ್ದರ ಗಂಟು ಕೆಳಗೆ, ಆಮೇಲೆ ಆದದ್ದರದು ಅದರ ಮೇಲೆ.

ಮಳೆಗಾಲದ ಮೊದಲು ಪ್ರಣಿತಾಳ ಪಾತ್ರವಾದ ವೈದ್ಯೆಗೆ ಹೀಗೆ ಒಂದರ ಮೇಲೊಂದು ಗಂಟು ಬಿದ್ದಿತ್ತು. ವಳಸಂಗದಿಂದ ದಿನಾ ಬಸ್ಸಿನಲ್ಲಿ ನರ್ಸಿಂಗ್ ಕಾಲೇಜಿಗೆ ಬರುವ ಪ್ರಣಿತಾ ಆ ಪಾತ್ರವನ್ನು ತಂಗಿಯಂತೆ ಬೆಳೆಸಿದ್ದಳು. ಮೈಯಲ್ಲಿ ವಿಷವಿದ್ದಾಗಲೇ ವೈದ್ಯೆ ಕಲ್ಲಾದಳು. ಕಲ್ಲಿಗೆ ವಿಷ ತಾಗದು ಎಂದಿತ್ತು ಪುಸ್ತಕದ ಒಂದು ಪುಟ. ಮದ್ದಿಲ್ಲದೆ ವಿಷ ಇಳಿಯದು ಎಂದಿತ್ತು ಇನ್ನೊಂದು. ಎರಡನ್ನೂ ಹೇಳಿ ಪುಸ್ತಕ ಸುಮ್ಮನಾಗಿತ್ತು. ಸ್ನೇಹಲ ಗೊಂಬೆಯ ಕೊರಳನ್ನು ಬಹಳ ಹೊತ್ತು ನೋಡಿ ಹೇಳಿದಳು: “ಕೆಳಗಿನ ಗಂಟು ಸಾಯೂದಿಲ್ಲ, ಮಲಗತೈತಿ. ಮ್ಯಾಲಿನ ಗಂಟು ಬಿಚ್ಚಿದ ಮ್ಯಾಲ ಏಳತೈತಿ.” ಕಲ್ಲು ಕರಗಿತು, ವಿಷ ಎದ್ದಿತು, ದಾಳ ಕೈಕೊಟ್ಟಿತು. ವೈದ್ಯೆ ಸತ್ತಳು. ಪ್ರಣಿತಾ ಬಸ್ ನಿಲ್ದಾಣದವರೆಗೂ ಅತ್ತಳು. ಆವತ್ತು ಶೈಲೇಶನೇ ಅವಳಿಗೆ ಹೇಳಿದ್ದ: “ಕಾಯ್ದೆ ಅಂದ್ರ ಕಾಯ್ದೆ, ಪ್ರಣಿ. ಅತ್ತರ ಬದಲಾಗೂದಿಲ್ಲ.”

ಈಗ ಅದೇ ಕಾಯ್ದೆ ಸರದಾರನ ಮೇಲೆ ಬಂದಿತ್ತು. ಮೊದಲು ವಿಷದ ಬಾಣ. ಆಮೇಲೆ ನಾಗಿಣಿಯ ನೋಟಕ್ಕೆ ಅವನು ಕಲ್ಲಾದ. ಗೆಳೆಯರು ಔಷಧ ಸುರಿದು ಕಲ್ಲು ಕರಗಿಸಿದರು, ಮಲಗಿದ್ದ ವಿಷ ಎದ್ದಿತು. ದಾಳ ಮೂರು ಬಿತ್ತು.

ಶೈಲೇಶ ಗೊಂಬೆಯನ್ನು ಎತ್ತಿಕೊಂಡ. ಬಿಳಿ ದಾರವನ್ನು ಇನ್ನೂ ಬಿಚ್ಚಿರಲಿಲ್ಲ. ಅವನ ಕಣ್ಣು ಹೊಳೆಯಿತು.

“ನಿಂದರು ನಿಂದರು. ಇಲ್ಲಿ ನೋಡು. ಕೆಳಗಿನ ಗಂಟು ಎಲ್ಲೈತಿ?”

ಸ್ನೇಹಲ ಬಾಗಿ ನೋಡಿದಳು. ಕೊರಳಲ್ಲಿ ಎರಡು ಗಂಟುಗಳಿರಲಿಲ್ಲ. ಹಸಿರು ದಾರದ ತುದಿಗೆ ಬಿಳಿ ದಾರದ ತುದಿ ಸೇರಿಸಿ, ಒಂದೇ ಸಣ್ಣ ಗಂಟು ಹಾಕಿ, ಎರಡನ್ನೂ ಒಂದೇ ಎಳೆಯಾಗಿ ಸುತ್ತಲಾಗಿತ್ತು.

ಸಿದ್ದಣ್ಣ ತಲೆ ಕೆರೆದುಕೊಂಡರು. “ನಂದs ತಪ್ಪ ಅದು. ನೀ ನಾಗಿಣಿ ಮಾತು ಹೇಳಾಕತ್ತಿದ್ದಿ, ಬಿಳಿ ದಾರ ಕಟ್ಟು ಅಂದಿ. ಹಸಿರು ದಾರದ ತುದಿ ಸಡಲಿತ್ತು. ಹರದ ಎಳಿ ಕಂಡರ ಈ ಕೈ ಕೇಳೂದಿಲ್ಲವ್ವಾ, ಜೋಡಿಸೇ ಬಿಡತೈತಿ.”

ಪ್ರಣಿತಾಗೆ ನಗು ತಡೆಯಲಿಲ್ಲ. “ಮಾಮಾ, ಸರದಾರನ್ನ ಟಾವೆಲ್ ಮಾಡೀರಿ!”

ಶೈಲೇಶ ನಗಲಿಲ್ಲ. “ಮ್ಯಾಲಿಂದೂ ಇಲ್ಲ, ಕೆಳಗಿಂದೂ ಇಲ್ಲ. ಮೊದಲ ಕಲ್ಲಾಗಿದ್ದ ಅಂತ ಹಿಡಿ. ಕಲ್ಲಿಗಿ ಬಾಣ ನಾಟೂದಿಲ್ಲ. ವಿಷ ಇಲ್ಲ. ಸರದಾರ ಜೀವಂತ ಅದಾನ.”

“ಬಾಣ ಮೊದಲ ಬಡೀತು ಶೈಲೇಶ. ಅಯ್ಯಯ್ಯೋ ಅಂತ ಒದರಿದಾಂವ ನೀನs.”

“ಗಂಟು ಏನು ಹೇಳತೈತಿ ಅದನ್ನ ಹೇಳು.”

“ಗಂಟು ನೆನಪಿಗಂತ ಕಟ್ಟೂದು. ನೆನಪು ಇದ್ದಾಗ ಗಂಟಿನ್ನ ಯಾಕ ಕೇಳಲಿ?”

ಶೈಲೇಶನ ಮುಖ ಕೆಂಪಾಯಿತು. ತಂದೆಯ ಪೇಟೆಯ ಅಂಗಡಿಯಲ್ಲಿ ಅವನು ದಿನವಿಡೀ ಹೂಂ ಎನ್ನುತ್ತ ನಿಲ್ಲುವ ಹುಡುಗ. ಅಲ್ಲಿ ಅವನ ದನಿಯೇ ಕೇಳುವುದಿಲ್ಲ. ಇಲ್ಲಿ ಸರದಾರನಾಗಿ ಅವನು ಅರಸರನ್ನು ಬೈದಿದ್ದ, ಸೇತುವೆಯ ಮೇಲೆ ಒಬ್ಬನೇ ನಿಂತು ಗೆಳೆಯರನ್ನು ಉಳಿಸಿದ್ದ. ಸ್ನೇಹಲಳಿಗೆ ಇದೆಲ್ಲ ಗೊತ್ತಿತ್ತು. ಒಂದು ಮಾತಿನಿಂದ ಅವನನ್ನು ಬದುಕಿಸಬಹುದೆಂಬುದೂ ಗೊತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದು, ಎದುರಿಗೆ ಕೂತ ಪ್ರಣಿತಾಳನ್ನು ಕಂಡು ನಿಂತಿತು.

“ಖೋಲಿ ನಮ್ಮಪ್ಪಂದು,” ಎಂದ ಶೈಲೇಶ, ತಗ್ಗಿದ ದನಿಯಲ್ಲಿ. “ಸರದಾರ ಸತ್ತ ಅಂದ್ರ ಮುಂದಿನ ರವಿವಾರ ಕೀಲಿ ಬೀಳತೈತಿ. ಹೇಳೀನಿ.”

ಇಷ್ಟು ಅಗ್ಗದ, ತಮ್ಮ ಗದ್ದಲ ಮುಚ್ಚುವಷ್ಟು ಸದ್ದಿನ, ಯಾರೂ ಬಂದು ಕೇಳದ ಜಾಗ ಊರಲ್ಲಿ ಇನ್ನೊಂದಿಲ್ಲವೆಂಬುದು ನಾಲ್ವರಿಗೂ ತಿಳಿದಿತ್ತು. ಎಲ್ಲೆಲ್ಲೋ ಕೇಳಿ, ಎಲ್ಲೆಲ್ಲೋ ಎಬ್ಬಿಸಿಕೊಂಡು ಬಂದ ಮೇಲೆ ಸಿಕ್ಕ ಕೋಣೆ ಇದು.

“ಜಾವೂ ದೇ, ಹೋಗ್ಲಿ ಸ್ನೇಹಲವ್ವಾ,” ಎಂದರು ಸಿದ್ದಣ್ಣ. “ಅಂವ ಉಳಕೊಳ್ಳಲಿ ಬಿಡು. ಸುಳ್ಳ ಆಟ.”

“ಆಟ ಸುಳ್ಳs ಇರಲಿ ಮಾಮಾ. ಪ್ರಣಿತಾ ಬಸ್‌ಸ್ಟ್ಯಾಂಡಿನ್ಯಾಗ ಅತ್ತದ್ದು ಸುಳ್ಳಲ್ಲ. ಅಕಿ ಕಡೆ ಖೋಲಿ ಇರಲಿಲ್ಲ, ಅದಕ್ಕ ಅಕಿ ವೈದ್ಯೆ ಸತ್ತಳು. ಇಂವನ ಕಡೆ ಖೋಲಿ ಐತಿ, ಅದಕ್ಕ ಸರದಾರ ಉಳೀಬೇಕು. ಇದನ್ನ ನಾ ಯಾವ ಬಾಯಿಲೆ ಹೇಳಲಿ?”

“ನನ್ನ ಸಲುವಾಗಿ ಜಗಳ ಬ್ಯಾಡ ಅಕ್ಕಾ,” ಎಂದಳು ಪ್ರಣಿತಾ.

“ನಿನ್ನ ಸಲುವಾಗಿ ಅಲ್ಲವ್ವಾ. ನಾ ಹೇಳಿದ್ದು ನಾಳೆ ನೀವ್ಯಾರೂ ನಂಬದಿದ್ದರ, ನಾ ಇಲ್ಲಿ ಕುಂತು ಏನು ಹೇಳಲಿ?”

ಅವಳು ದಾಳಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದಳು. ಪುಸ್ತಕ ಇಟ್ಟಳು. ದಾರಗಳನ್ನು ಬೆರಳಿಗೆ ಸುತ್ತಿ ಒಳಗೆ ತುರುಕಿದಳು. ಶೈಲೇಶನ ಕೈಯಿಂದ ಗೊಂಬೆಯನ್ನು ಮಾತ್ರ ತೆಗೆದುಕೊಳ್ಳಲಿಲ್ಲ.

“ಅಂವ ಚಲೋ ಸತ್ತ, ಶೈಲೇಶ,” ಎಂದಳು. “ಗೆಳ್ಯಾರಿಗಿ ಅಡ್ಡ ನಿಂತು ಬಾಣ ತಿಂದ. ಅದನ್ನ ಸುಳ್ಳ ಮಾಡಬ್ಯಾಡ.”

“ಎಲ್ಲಿ ಆಡತಿ? ಹಾಂ? ನಿಮ್ಮ ಹನ್ನೂರಾಗ, ಕುರಿ ದೊಡ್ಡ್ಯಾಗ?”

“ಕುರಿ ದೊಡ್ಡ್ಯಾಗs ಆಡತೀನಿ. ಅಲ್ಲಿ ಕೀಲಿ ಇರೂದಿಲ್ಲ.”

ಸಿದ್ದಣ್ಣ ಎದ್ದರೋ ಇಲ್ಲವೋ ಅವಳು ತಿರುಗಿ ನೋಡಲಿಲ್ಲ. ಚಪ್ಪಲಿ ಮೆಟ್ಟಿ ಕಬ್ಬಿಣದ ಮೆಟ್ಟಿಲಿಳಿಯತೊಡಗಿದಳು. ಮೇಲಿನಿಂದ ಶೈಲೇಶನ ದನಿ ಬಂತು. ಈಗ ಅದರಲ್ಲಿ ಸಿಟ್ಟು ಕಡಿಮೆಯಾಗಿತ್ತು.

“ಸ್ನೇಹಲ, ಇಲ್ಲಿ ಕೇಳು. ಸಾಯೂದು ಸಾಯಲಿ. ಅವಗ ಒಬ್ಬ ತಮ್ಮ ಇದ್ದ, ನಾ ಇನ್ನ ಆ ತಮ್ಮ ಅಂತ ಮಾಡಿದರ ಹ್ಯಾಂಗ? ದೂರದ ಊರಾಗ... ಸ್ನೇಹಲ, ತಮ್ಮಗ ಕತ್ತಿ ಬರೂದಿಲ್ಲ ಅಂತ ಹಿಡಿ, ಮತ್ತ ಅಂವ...”

ಕೀಲಿಯ ಮಾತನ್ನು ಅವನು ಹಿಂತೆಗೆದುಕೊಂಡಿರಲಿಲ್ಲ. ಅವಳು ರಸ್ತೆ ದಾಟಿ, ಅಕ್ಕಲಕೋಟ ಬಸ್ಸಿಗೆ ಕೈ ಮಾಡುತ್ತ ನಡೆದೇಬಿಟ್ಟಳು.