ಕತ್ತೆಗೆ ದಕ್ಕಿದ ಚಿಗುರು

ನಮ್ಮ ಮನೆತನದಲ್ಲಿ ಮೊದಲು ಬಿ.ಎಸ್ಸಿ. ಪಾಸಾದವನು ನಾನು. ರಸಾಯನಶಾಸ್ತ್ರ, ಅದೂ ಎರಡನೇ ಸಲಕ್ಕೆ. ಎಪ್ಪತ್ತರ ದಶಕದಲ್ಲಿ ಇಂಡಿ ಸೀಮೆಯ ಒಕ್ಕಲುತನದ ಮನೆಗೆ ಅದು ಸಣ್ಣ ಮಾತಲ್ಲ. ಹೆಮ್ಮೆ ಈಗಲೂ ಇದೆ, ಆಗ ತುಸು ಹೆಚ್ಚೇ ಇತ್ತು. ಬೇಳೆ ಯಾಕೆ ಬೇಯುತ್ತದೆಂದು ಅವ್ವನಿಗೇ ಪಾಠ ಹೇಳುತ್ತಿದ್ದೆ.

ಬಿಳಿಜೋಳ ಕೊಯ್ದ ಮೇಲೆ ಒಂದು ಅಡ್ಡಮಳೆ ಬಿದ್ದು, ಕೂಳೆಗಳಿಂದ ಗೇಣುದ್ದ ಚಿಗುರು ಎದ್ದಿತ್ತು. ನಮಗಿದ್ದದ್ದು ಒಂದೇ ಆಕಳು. ಅಪ್ಪ ತೀರಿದ ಮೇಲೆ ಅದರ ಹೈನದಿಂದಲೇ ಅವ್ವ ನನ್ನನ್ನು ಓದಿಸಿದ್ದಳು. ಅದನ್ನು ಆ ಚಿಗುರಿಗೆ ಬಿಡಲು ಹೊರಟೆ.

"ಬ್ಯಾಡೋ ತಮ್ಮಾ, ಕೂಳಿ ಚಿಗುರು ಆಕಳಿಗೆ ನಂಜು," ಎಂದಳು ಅವ್ವ.

ಅದರಲ್ಲಿ ಸೈನೈಡ್ ಹುಟ್ಟಿಸುವ ವಸ್ತು ಇರುತ್ತದೆಂದು ನಾನೂ ಓದಿದ್ದೆ. ಆದರೆ ಪುಸ್ತಕಕ್ಕಿಂತ ಪ್ರಯೋಗ ದೊಡ್ಡದು ಎಂದೂ ಓದಿದ್ದೆನಲ್ಲ! ಪ್ರಯೋಗ ಕಣ್ಣೆದುರಿಗೇ ಇತ್ತು. ಇಟ್ಟಂಗಿ ಭಟ್ಟಿಯ ಕತ್ತೆಯೊಂದು ಮುಂಜಾನೆಯಿಂದ ಅದನ್ನೇ ಮೇಯುತ್ತಿತ್ತು.

"ನೋಡಬೇ, ಕತ್ತಿಗೆ ಏನಾಗೇತಿ?"

"ಹಂಗಾರ ನೀನೂ ಹೋಗಿ ಮೇಯಿ!" ಎಂದು ಬೈಯುತ್ತ ಅವ್ವ ಒಣಗಿದ ಜೋಳದ ದಂಟಿನ ಸೊಪ್ಪಿ ಕಟ್ಟಲು ಹೋದಳು. ನಾನು ಹಗ್ಗ ಬಿಚ್ಚಿದೆ.

ಅರ್ಧ ತಾಸೂ ಆಗಿರಲಿಲ್ಲ. ಆಕಳು ತೇಕತೊಡಗಿತು, ಬಾಯಲ್ಲಿ ಬುರುಗು ಬಂತು, ಕಾಲು ನಡುಗಿ ಧೊಪ್ಪನೆ ಕುಸಿಯಿತು. ಅವ್ವ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ದನದ ದವಾಖಾನೆ ಸಮೀಪ ಇದ್ದದ್ದು ನಮ್ಮ ಪುಣ್ಯ. ಸೈಕಲ್ ತುಳಿದು ಡಾಕ್ಟರರನ್ನು ಹಿಂದೆ ಕೂರಿಸಿಕೊಂಡು ಬಂದೆ. ಅವರು ಕುತ್ತಿಗೆಯ ರಕ್ತನಾಳಕ್ಕೆ ಎರಡು ಇಂಜೆಕ್ಷನ್ ಕೊಟ್ಟು, ಕಾಯುತ್ತ ಕುಳಿತರು.

"ಕತ್ತಿಗೆ ಏನೂ ಆಗಲಿಲ್ಲಲ್ರಿ, ಸಾಹೇಬ್ರ," ಎಂದೆ. ಆಗಲೂ ನನ್ನ ಬಾಯಿ ಸುಮ್ಮನಿರಲಿಲ್ಲ.

"ಕತ್ತಿ ಹೊಟ್ಟಿ ಬ್ಯಾರೆ, ಆಕಳ ಹೊಟ್ಟಿ ಬ್ಯಾರೆ," ಎಂದರು ಡಾಕ್ಟರು. "ಆಕಳ ದೊಡ್ಡ ಹೊಟ್ಟಿ ಹೆಪ್ಪು ಹಾಕಿದ ಗಡಿಗಿ ಇದ್ದಂಗ. ಕಣ್ಣಿಗೆ ಕಾಣದ ಜೀವಾಣು ಕೋಟಿಗಟ್ಟಲೆ ಅದಾವು. ಮೇವು ಮೊದಲ ಅವುಗಳ ಕೈಗೆ ಸಿಗತೈತಿ. ಅವು ಅದನ್ನ ಒಡದು ವಿಷಾ ಹೊರಗ ಹಾಕ್ತಾವು. ಕತ್ತಿಗೆ ಅಂಥಾ ಗಡಿಗಿ ಮುಂದ ಇಲ್ಲ. ಮೇವು ಮೊದಲ ಹೊಟ್ಟಿ ಆಮ್ಲದಾಗ ಬೀಳತೈತಿ, ವಿಷಾ ಅಷ್ಟು ಲಗೂನ ಏಳಂಗಿಲ್ಲ. ನೀವು ಏನ್ ಓದೀರಿ?"

"ಬಿ.ಎಸ್ಸಿ. ರೀ," ಎಂದೆ. ಅಷ್ಟು ಸಣ್ಣ ದನಿಯಲ್ಲಿ ನಾನು ಪದವಿಯ ಹೆಸರು ಹೇಳಿದ್ದು ಅದೇ ಮೊದಲು.

ಸ್ವಲ್ಪ ಹೊತ್ತಿಗೆ ಆಕಳ ಉಸಿರು ಸಾವಕಾಶವಾಯಿತು. ಕಿವಿ ಅಲುಗಿತು. ಎರಡು ಸಲ ಮುಗ್ಗರಿಸಿ ಎದ್ದು ನಿಂತಿತು. ಅವ್ವ ಅದರ ಕೊರಳನ್ನು ತಬ್ಬಿಕೊಂಡಳು.

"ತಪ್ಪಾತಬೇ," ಎಂದೆ.

"ಆತು ಬಾ. ಕಾಲಿನ್ನೂ ನಡಗಾಕತ್ತಾವು. ಆ ಕಡೆ ನೀ ಹಿಡಿ."

ನಾನು ಇನ್ನೊಂದು ಬದಿಗೆ ಹೋಗಿ ಭುಜ ಕೊಟ್ಟೆ. ನಡುವೆ ಆಕಳು, ಅತ್ತ ಅವ್ವ, ಇತ್ತ ನಾನು, ಮೆಲ್ಲಗೆ ಮನೆಯ ಕಡೆ ನಡೆದೆವು.