ಅವರು ಎದ್ದೇಳಲಿ ಎಂದು ಕೇಳಬೇಡ

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಚರ್ಚಿನ ಸಭೆಗೆ ಹೊಸ ಅಯ್ಯನವರು ಬಂದರು. ನಾವು ಕನ್ನಡ ಕ್ರೈಸ್ತರು ಪಾದ್ರಿಗಳನ್ನು ಹಾಗೇ ಕರೆಯುವುದು. ನಾನು ಮದುವೆಯಾಗಿ ಚಾಮರಾಜಪೇಟೆಗೆ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಮನೆಯಲ್ಲಿ ಗಂಡ, ಅತ್ತೆ, ನಾನು. ಮಾವ ನಾನು ಬರುವ ಮುಂಚೆಯೇ ತೀರಿಕೊಂಡಿದ್ದರು.

ಭಾನುವಾರ ಆರಾಧನೆಗೆ ಹೋಗಿ, ಹಾಡಿ, ಪ್ರಸಂಗ ಕೇಳಿ, ಕಾಂಪೌಂಡಿನಲ್ಲಿ ನಿಂತು ನಾಲ್ಕು ಮಾತಾಡಿ ಮನೆಗೆ ಬಂದು ಒಲೆ ಹಚ್ಚಿದರೆ ನಮ್ಮ ಭಕ್ತಿ ಮುಗಿಯುತ್ತಿತ್ತು. ಹೊಸ ಅಯ್ಯನವರಿಗೆ ಅದು ಸಾಲಲಿಲ್ಲ. ಚರ್ಚಿನ ಹಿಂದಿನ ಬಾಗಿಲ ಪಕ್ಕ ಒಂದು ಬೀರು ಇಡಿಸಿ, ಅದರ ತುಂಬ ಧ್ಯಾನದ ಪುಸ್ತಕಗಳನ್ನೂ ಪ್ರಸಂಗದ ಕ್ಯಾಸೆಟ್ಟುಗಳನ್ನೂ ಜೋಡಿಸಿದರು. ಬುಧವಾರ ಸಂಜೆ ಸತ್ಯವೇದದ, ಅಂದರೆ ಬೈಬಲಿನ, ಅಧ್ಯಯನ ಶುರುವಾಯಿತು. ಅದಾದ ಮೇಲೆ, ಸಭೆಯ ಹೆಂಗಸರು ಇಬ್ಬಿಬ್ಬರಾಗಿ ಜೊತೆಯಾಗಿ ವಾರಕ್ಕೊಮ್ಮೆ ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಬೇಕು ಎಂದರು.

"ಪುಸ್ತಕ ಓದಿ, ಕ್ಯಾಸೆಟ್ ಕೇಳಿ, ಬೇಡ ಅನ್ನಲ್ಲ. ಆದ್ರೆ ಮನಸ್ಸಲ್ಲಿರೋದನ್ನ ಇನ್ನೊಬ್ಬರ ಮುಂದೆ ಹೇಳಿ ನೋಡಿ," ಎಂದರು.

ನನಗೆ ಜೊತೆಯಾಗಿ ಸಿಕ್ಕವರು ಸಭೆಯಲ್ಲಿ ಎಲ್ಲರೂ ಗೌರವಿಸುತ್ತಿದ್ದ ಒಬ್ಬ ಆಂಟಿ. ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾಗಿದ್ದರು, ಮಕ್ಕಳಿರಲಿಲ್ಲ. ಭಾನುವಾರದ ಮಕ್ಕಳ ಪಾಠವನ್ನು ಅವರೇ ನಡೆಸುತ್ತಿದ್ದರು. ಅವರ ಗಂಡ ಸಭೆಯ ಹಿರಿಯರಲ್ಲಿ ಒಬ್ಬರು. ಆರಾಧನೆಯಲ್ಲಿ ಸತ್ಯವೇದದ ಪಾಠ ಓದುತ್ತಿದ್ದವರು ಅವರೇ. ಮೈಕಿಲ್ಲದಿದ್ದರೂ ಕೊನೆಯ ಬೆಂಚಿಗೆ ಕೇಳುವ ತುಂಬು ದನಿ. ಮೊದಲ ಸಲ ಕೇಳಿದಾಗ ದೇವರ ದನಿಯೂ ಹೀಗೇ ಇರಬೇಕು ಅನ್ನಿಸಿತ್ತು ನನಗೆ. ನಾನು ಬಂದ ಕೆಲವು ತಿಂಗಳಿಗೇ ಅವರಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು. ಆಗಿನಿಂದ ಇಡೀ ಸಭೆ ಅವರಿಗಾಗಿ ಪ್ರಾರ್ಥಿಸುತ್ತಿತ್ತು. ಮನೆಮನೆಯವರು ಗಂಟೆ ಹಂಚಿಕೊಂಡು ಸರಪಳಿ ಪ್ರಾರ್ಥನೆ ನಡೆಸಿದ್ದರು.

ಶನಿವಾರ ಮಧ್ಯಾಹ್ನ ನಾನು ಆಂಟಿಯ ಮನೆಗೆ ಹೋಗುತ್ತಿದ್ದೆ. ಮೊದಮೊದಲು ನನ್ನ ಸ್ಕೂಲಿನ ಕೆಲಸ, ಅವರ ಮಂಡಿನೋವು, ಇಷ್ಟೇ ನಮ್ಮ ಪ್ರಾರ್ಥನೆಯ ವಿಷಯ. ಅವರ ಗಂಡ, ನಮ್ಮೆಲ್ಲರ ಅಂಕಲ್ ವಿಚಾರ ಬಂದರೆ ಅವರು ಬೇರೆ ಮಾತು ತೆಗೆಯುತ್ತಿದ್ದರು. ದುಃಖಕ್ಕೆ ಹಾಗೆ ಮಾಡುತ್ತಾರೆ ಅಂದುಕೊಂಡಿದ್ದೆ.

ಅವರೆಕಾಯಿಯ ಕಾಲ. ಮಾರ್ಕೆಟ್ಟಿನಿಂದ ತಂದ ಅವರೆಯನ್ನು ಸುಲಿದು ನೆನೆಹಾಕಿ, ಅಡುಗೆಮನೆಯ ನೆಲದ ಮೇಲೆ ಕೂತು ಇಬ್ಬರೂ ಕಾಳು ಹಿಚುಕುತ್ತಿದ್ದೆವು. ಮುಂದಿನ ಕೋಣೆಯಲ್ಲಿ ಅಂಕಲ್ ಮಲಗಿದ್ದರು, ರೇಡಿಯೋ ಹಾಡುತ್ತಿತ್ತು.

"ಆಂಟಿ, ಇವತ್ತು ಅಂಕಲ್‌ಗೋಸ್ಕರ ಪ್ರಾರ್ಥನೆ ಮಾಡೋಣ್ವಾ?" ಎಂದು ಕೇಳಿದೆ.

ಅವರು ಕಾಳು ಹಿಚುಕುತ್ತಲೇ ಇದ್ದರು. "ಮಾಡು. ಅವರು ಎದ್ದೇಳಲಿ ಅಂತ ಮಾತ್ರ ಕೇಳ್ಬೇಡ," ಎಂದರು.

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಮುಖ ನೋಡಿದೆ.

"ಇಡೀ ಸಭೆ ಕೇಳ್ತಿದೆ. ನೀನೊಬ್ಬಳಾದ್ರೂ ಕೇಳ್ಬೇಡ ಕಣಮ್ಮ."

ಅವರು ಎಡಗೈ ಮುಂದೆ ಚಾಚಿದರು. ಆ ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಶಾಲೆಯ ಮೆಟ್ಟಿಲಿಂದ ಬಿದ್ದು ಮುರಿದದ್ದು ಎಂದೇ ನಾವೆಲ್ಲ ನಂಬಿದ್ದೆವು.

"ಮೆಟ್ಟಿಲಿಂದ ಬಿದ್ದಿದ್ದಲ್ಲ ಇದು. ಮದುವೆಯಾದ ವರ್ಷದಿಂದ್ಲೂ ಹೊಡೀತಿದ್ರು. ಸಾರಿಗೆ ಉಪ್ಪು ಕಮ್ಮಿ ಅಂತ, ಚರ್ಚಿಗೆ ತಡ ಆಯ್ತು ಅಂತ. ಆ ಕೈ ಬಿದ್ದುಹೋದ ಮೇಲೇನೇ ನಾನು ಭಯ ಇಲ್ದೆ ನಿದ್ದೆ ಮಾಡ್ತಿರೋದು."

ಮುಂದಿನ ಕೋಣೆಯಿಂದ ಅಂಕಲ್ ಕೆಮ್ಮಿದ್ದು ಕೇಳಿಸಿತು. ಆ ಕೆಮ್ಮಿಗೇ ನಾನು ಬೆಚ್ಚಿಬಿದ್ದೆ. "ಯಾರಿಗೂ ಹೇಳ್ಲಿಲ್ವಾ ಆಂಟಿ?" ಎಂದೆ.

"ಹಿಂದಿನ ಅಯ್ಯನವರಿಗೆ ಹೇಳಿದ್ದೆ. ಸಹಿಸ್ಕೊಳ್ಳಿ, ಪ್ರಾರ್ಥನೆ ಮಾಡಿ ಅಂದ್ರು. ಮಾಡ್ದೆ. ಆ ಕೈ ನಿಲ್ಲಿಸಪ್ಪಾ ತಂದೆ ಅಂತ ದಿನಾ ಕೇಳ್ದೆ." ಅವರು ದನಿ ತಗ್ಗಿಸಿದರು. "ಲಕ್ವ ಹೊಡೆದ ದಿನ ನಂಗೆ ಜೀವಾನೇ ಹೋದಂಗಾಯ್ತು. ನಾನು ಕೇಳಿದ್ದಕ್ಕೇ ಹೀಗಾಯ್ತಾ ಅಂತ. ನೀನು ಓದಿದವಳು, ಹೇಳು. ನನ್ನಿಂದ ಆಯ್ತಾ?"

"ಇಲ್ಲ ಆಂಟಿ," ಎಂದೆ. ಕಣ್ಣು ಮುಚ್ಚಿ, ಆಂಟಿಗೆ ಭಯ ಬೇಡ ತಂದೆಯೇ ಎಂದಷ್ಟೇ ಪ್ರಾರ್ಥಿಸಿದೆ. ಯಾರಿಗೂ ಹೇಳಬೇಡ ಎಂದು ಅವರು ನನ್ನಿಂದ ಮಾತು ತೆಗೆದುಕೊಂಡರು.

ಮುಂದಿನ ಭಾನುವಾರ ಅಯ್ಯನವರು ಎಂದಿನಂತೆ ಅಂಕಲ್‌ಗಾಗಿ ಪ್ರಾರ್ಥಿಸಿದರು. ಸಭೆಯೆಲ್ಲ ಆಮೆನ್ ಎಂದಿತು. ನನ್ನ ಬಾಯಿ ತೆರೆಯಲಿಲ್ಲ. ಪಕ್ಕದಲ್ಲಿದ್ದ ಅತ್ತೆ ನನ್ನತ್ತ ತಿರುಗಿ ನೋಡಿದರು.

ಕೆಲವೇ ವಾರಗಳಲ್ಲಿ ಅಂಕಲ್‌ರ ಬೆರಳುಗಳು ಆಡತೊಡಗಿದವು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿಗೇ ಆಶ್ಚರ್ಯ. ಆಮೇಲೆ ಮಣಿಕಟ್ಟು, ಮೊಣಕೈ. ಸಭೆಯಲ್ಲಿ ಸಂಭ್ರಮ. ಒಂದು ಶನಿವಾರ ನಾನು ಹೋದಾಗ ಅಂಕಲ್ ದಿಂಬಿಗೆ ಒರಗಿ ಕೂತಿದ್ದರು. "ಬಾಮ್ಮಾ, ಬಾ," ಎಂದು ತೊದಲುತ್ತ ನಕ್ಕರು. ಆಂಟಿ ಕಾಫಿ ತಂದು ಅವರ ಬಲಗೈಗೇ ಲೋಟ ಕೊಟ್ಟರು. ಕಾಫಿ ಬಿಸಿಯಿತ್ತೋ ಏನೋ, ಅವರು ಲೋಟವನ್ನು ಪಕ್ಕದ ಸ್ಟೂಲಿನ ಮೇಲಿಟ್ಟು, ಅದೇ ಕೈಯನ್ನೆತ್ತಿ ಆಂಟಿಯ ಕೆನ್ನೆಗೆ ಬಾರಿಸಿದರು. ಬಲವಾದ ಏಟೇನಲ್ಲ, ಕೈಯಲ್ಲಿ ಅಷ್ಟು ಶಕ್ತಿ ಇರಲಿಲ್ಲ. ಹೊಡೆದು, ನನ್ನ ಕಡೆ ತಿರುಗಿ ಮತ್ತೆ ಮೊದಲಿನಂತೆಯೇ ನಕ್ಕರು.

ಆಂಟಿ ಲೋಟ ತೆಗೆದುಕೊಂಡು ಒಳಗೆ ಹೋದರು. ನಾನೂ ಹಿಂದೆಯೇ ಹೋದೆ.

"ನಮ್ಮನೆಗೆ ಬಂದ್ಬಿಡಿ ಆಂಟಿ. ಈಗ್ಲೇ."

"ಬರೋ ಭಾನುವಾರ ಕೃತಜ್ಞತಾ ಆರಾಧನೆ ಇಟ್ಕೊಂಡಿದಾರೆ. ಇವರನ್ನ ವೀಲ್‌ಚೇರಲ್ಲಿ ಕರ್ಕೊಂಡು ಹೋಗ್ತಾರಂತೆ. ದೇವರು ವಾಸಿ ಮಾಡಿದ ಅಂತ ನಾನು ಎಲ್ಲರ ಮುಂದೆ ಸಾಕ್ಷಿ ಹೇಳ್ಬೇಕಂತೆ," ಎಂದರು ಅವರು, ಲೋಟ ತೊಳೆಯುತ್ತ.

"ಆಗಲ್ಲ ಅಂತ ಹೇಳಿ."

"ಯಾಕೆ? ಕೇಳಿದಾರಲ್ಲ, ಹೇಳ್ತೀನಿ."

ಆ ಭಾನುವಾರ ಚರ್ಚು ತುಂಬಿತ್ತು. ಮುಂದಿನ ಸಾಲಿನಲ್ಲಿ ವೀಲ್‌ಚೇರು, ಅಂಕಲ್‌ರ ಕೊರಳಲ್ಲಿ ಹಾರ. ಅವರು ಬಲಗೈ ಎತ್ತಿ ತೋರಿಸಿದಾಗ ಜನ ಚಪ್ಪಾಳೆ ತಟ್ಟಿದರು. ಆಂಟಿ ಬಿಳಿ ಸೀರೆಯುಟ್ಟು ಮೈಕಿನ ಮುಂದೆ ಬಂದು ನಿಂತರು. ಮಕ್ಕಳಿಗೆ ಪಾಠ ಹೇಳುವಾಗಿನ ಅದೇ ದನಿ.

"ನೀವೆಲ್ಲ ನಮ್ಮನೆಯವರ ಕೈಗೋಸ್ಕರ ಪ್ರಾರ್ಥನೆ ಮಾಡಿದ್ರಿ. ದೇವರು ಜೀವ ಕೊಟ್ಟಿದಾನೆ. ಆ ಕೈಗೆ ಜೀವ ಬಂದ ತಕ್ಷಣ ಅವರು ಮಾಡಿದ ಕೆಲಸ ನನಗೆ ಹೊಡೆದದ್ದು. ಮೊದಲೂ ಹೊಡೀತಿದ್ರು, ಮದುವೆಯಾದಾಗಿಂದ್ಲೂ. ಸಾಕ್ಷಿ ಅಂದ್ರೆ ನಿಜ ಹೇಳೋದಲ್ವಾ, ಅದಕ್ಕೇ ಹೇಳ್ತಿದೀನಿ."

ಹಾಡಲು ಎದ್ದು ನಿಂತಿದ್ದ ಕ್ವಾಯರಿನವರು ಹಾಗೇ ನಿಂತುಬಿಟ್ಟರು. ಹಿರಿಯರೊಬ್ಬರು ಎದ್ದು, "ಸಾಕಮ್ಮಾ, ಕೂತ್ಕೊಳ್ಳಿ," ಎಂದರು.

"ಇನ್ನೊಂದು ಮಾತಿದೆ. ಈಗ ನನಗೋಸ್ಕರ ಪ್ರಾರ್ಥನೆ ಮಾಡಿ. ನಾನು ಇವತ್ತು ಆ ಮನೆಗೆ ವಾಪಸ್ ಹೋಗಲ್ಲ."

ಅಂಕಲ್ ಸುತ್ತ ನೋಡುತ್ತ ಏನೋ ಹೇಳಲು ಹೊರಟರು. ನಾಲಿಗೆ ಹೊರಳಲಿಲ್ಲ. ಆ ದೊಡ್ಡ ದನಿಯಿಂದ ಯಾರಿಗೂ ಅರ್ಥವಾಗದ ಸದ್ದಷ್ಟೇ ಬಂತು. "ಪಾಪ, ಅವರ ಆರೈಕೆ ಮಾಡಿ ಮಾಡಿ ಈಯಮ್ಮನಿಗೆ ತಲೆ ಕೆಟ್ಟಿದೆ," ಎಂದು ಹಿಂದೆ ಯಾರೋ ಹೇಳಿದ್ದು ಕೇಳಿಸಿತು. ನಾನು ಎದ್ದು ನಿಂತೆ.

"ಅವರು ಹೇಳಿದ್ದು ನಿಜ. ನಾನೇ ಕಣ್ಣಾರೆ ನೋಡಿದೀನಿ," ಎಂದೆ.

ಅಯ್ಯನವರ ಮುಖ ಬಿಳಚಿಕೊಂಡಿತ್ತು. ಕೆಳಗಿಳಿದು ಬಂದು ಆಂಟಿಯ ಪಕ್ಕದಲ್ಲಿ ನಿಂತು, "ನಮಗೆ ಗೊತ್ತಿರ್ಲಿಲ್ಲ ತಾಯಿ," ಎಂದರು. ಆಂಟಿ, "ಈಗ ಗೊತ್ತಾಯ್ತಲ್ಲ," ಎಂದರು. ಅವತ್ತು ಕೊನೆಯ ಹಾಡು ಹಾಡಲಿಲ್ಲ. ಅಯ್ಯನವರ ಹೆಂಡತಿ ಆಂಟಿಯ ಕೈಹಿಡಿದು ತಮ್ಮ ಮನೆಗೆ ಕರೆದುಕೊಂಡು ಹೋದರು.

ಮನೆಗೆ ಬರುವ ದಾರಿಯುದ್ದಕ್ಕೂ ಅತ್ತೆ ನನಗಿಂತ ಮುಂದೆ ನಡೆದರು. ಬೈಯುತ್ತಾರೆ ಎಂದೇ ಕಾದಿದ್ದೆ. ನನ್ನ ಗಂಡ ಚಪ್ಪಲಿ ಬಿಟ್ಟು ಒಳಗೆ ಹೋದ ಮೇಲೆ, ಅತ್ತೆ ಜಗಲಿಯ ಮೇಲೆಯೇ ಕೂತುಬಿಟ್ಟರು.

"ನಿಮ್ಮ ಮಾವನೂ ಹಾಗೇ," ಎಂದರು. "ನಿನ್ನ ಗಂಡನಿಗೆ ಗೊತ್ತಿಲ್ಲ. ಹೇಳ್ಬೇಡ."

ನಾನು ಅವರ ಪಕ್ಕದಲ್ಲಿ ಕೂತೆ. ತರಕಾರಿ ಗಾಡಿಯವನು ಕೂಗುತ್ತ ಹೋದ. ಅತ್ತೆ ಅಳಲಿಲ್ಲ. ಸೆರಗು ಸರಿಮಾಡಿಕೊಂಡು, "ಅನ್ನಕ್ಕಿಡ್ತೀನಿ," ಎಂದು ಎದ್ದರು.

ಸಭೆ ಒಂದೇ ಮನಸ್ಸಿನಿಂದ ಆಂಟಿಯ ಕಡೆ ನಿಂತಿತು ಎಂದರೆ ಸುಳ್ಳಾಗುತ್ತದೆ. ಮನೆಯ ವಿಷಯವನ್ನು ದೇವರ ಸನ್ನಿಧಿಗೆ ತಂದರು ಎಂದು ಕೆಲವರು ಮುನಿಸಿಕೊಂಡರು. ಎರಡು ಕುಟುಂಬದವರು ಬೇರೆ ಚರ್ಚಿಗೆ ಹೋದರು. ಅಂಕಲ್‌ರನ್ನು ನೋಡಿಕೊಳ್ಳಲು ಅಯ್ಯನವರು ಸಭೆಯ ಗಂಡಸರಿಗೆ ಪಾಳಿ ಹಾಕಿದರು. ತಾವೂ ಪ್ರತಿ ವಾರ ಹೋಗಿ ಅವರೆದುರು ಕೂರುತ್ತಿದ್ದರು. ಅಲ್ಲಿ ಏನು ಮಾತಾಯಿತೋ ನಮಗೆ ತಿಳಿಯದು. ಅಂಕಲ್ ತಪ್ಪಾಯಿತು ಎಂದದ್ದನ್ನು ನಾನಂತೂ ಕೇಳಲಿಲ್ಲ.

ಆಂಟಿ ಮಲ್ಲೇಶ್ವರದಲ್ಲಿ, ತಮ್ಮ ಜೊತೆ ಟೀಚರಾಗಿದ್ದ ವಿಧವೆ ಗೆಳತಿಯ ಮನೆಯಲ್ಲಿ ಉಳಿದರು. ಶನಿವಾರ ನಾನು ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಕೆಲವು ಸಲ ಅತ್ತೆಯೂ ಬರುತ್ತಿದ್ದರು. ಅಲ್ಲಿ ಒಂದು ದಿನ ಆಂಟಿ ತಾವಾಗಿಯೇ ಅಂಕಲ್ ಹೆಸರೆತ್ತಿ, "ಅವರಿಗೆ ನೋವು ಬೇಡ ತಂದೆ," ಎಂದು ಪ್ರಾರ್ಥಿಸಿದರು. ನಾನು ಕಣ್ಣು ಬಿಟ್ಟು ನೋಡಿದೆ.

"ಇಲ್ಲಿಂದಾದ್ರೆ ಕೇಳೋಕಾಗುತ್ತೆ ಕಣೆ," ಎಂದರು ಆಂಟಿ. "ಆ ಮನೇಲಿದ್ದಾಗ ಆಗ್ತಿರ್ಲಿಲ್ಲ."