ಗಂಟೆ ಬಾರಿಸುತ್ತಿದ್ದವರು ಯಾರು

ಆ ಮಂಗಳವಾರ ಅವ್ವ ಮತ್ತು ನಾನು ಬೆಳಗಿನಿಂದ ಕಡಲೆಕಾಯಿ ಬಿಡಿಸುತ್ತ ಕೂತಿದ್ದೆವು. ಗಿಡ ಕಿತ್ತು ಎರಡು ದಿನವಾಗಿತ್ತು. ಒಣಗಿದ ಮಣ್ಣು ಉಗುರಿನ ಸಂದಿಗೆಲ್ಲ ಹೋಗಿತ್ತು. ಅಣ್ಣ ಮನೆಯ ಹಿಂದೆ, ಮಾರನೆಯ ದಿನ ಮೇಚೇರಿ ಸಂತೆಗೆ ಹೊಡೆದುಕೊಂಡು ಹೋಗಬೇಕಾದ ಕುರಿಗಳ ಹಲ್ಲು ನೋಡುತ್ತಿದ್ದ. ಒಂದು ಕೆಂಚು ಕುರಿಯ ಹೊಟ್ಟೆಯ ಕೆಳಗೆ ಅಂಗೈ ಇಟ್ಟು ನೋಡಿ, "ಇದ್ನ ಮಾರ್ಬ್ಯಾಡ್ವವ್ವಾ, ವಳ್ಗೆ ಎರ್ಡೈತೆ" ಎಂದ. ಅವ್ವ ತಲೆಯೆತ್ತದೆ ಹೂಂ ಅಂದಳು. ಮಧ್ಯಾಹ್ನ ಮುದ್ದೆ ಉಂಡೆವು. ಆ ದಿನದ ಬಗ್ಗೆ ಹೇಳಿಕೊಳ್ಳುವಂಥದ್ದು ಬೇರೇನೂ ಇರಲಿಲ್ಲ.

ಸಂಜೆ ಏಳೂವರೆಗೆ ಮಾತ್ರ ಎಲ್ಲರೂ ಕೈಕಾಲು ತೊಳೆದು ನರ್ಸಕ್ಕನ ಮನೆಗೆ ಹೋಗಬೇಕಿತ್ತು. ಅಂದು ಟೀವಿ ಧಾರಾವಾಹಿಯ ಕೊನೆಯ ಕಂತಿಗೆ ಮುಂಚಿನ ವಾರ.

ನಾವು ತಮಿಳು ಸೀಮೆಯ ಕೊಳತ್ತೂರಿನ ಹತ್ತಿರದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ನಾನು ಹತ್ತನೆಯ ತರಗತಿಯವರೆಗೆ ಓದಿದ್ದು ತಮಿಳಿನಲ್ಲೇ. ಕನ್ನಡ ಅಕ್ಷರ ಕಲಿತದ್ದು ಮದುವೆಯಾಗಿ ಕೊಳ್ಳೇಗಾಲದ ಕಡೆಗೆ ಬಂದ ಮೇಲೆ. ಹಾಗಾಗಿ ಇದನ್ನು ಬರೆಯುವುದಕ್ಕೆ ಇಷ್ಟು ವರ್ಷ ಹಿಡಿಯಿತು. ತಮಿಳಿನಲ್ಲಿ ಬರೆಯಬಹುದಿತ್ತು. ಆದರೆ ಅಣ್ಣ ನನ್ನ ಜೊತೆ ತಮಿಳಿನಲ್ಲಿ ಮಾತಾಡಿದವನಲ್ಲ.

ನರ್ಸಕ್ಕ ಸರ್ಕಾರಿ ಆಸ್ಪತ್ರೆಯ ನರ್ಸು. ನಮ್ಮ ಓಣಿಯಲ್ಲಿ ಟೀವಿ ಇದ್ದದ್ದು ಅವರ ಮನೆಯಲ್ಲಿ ಮಾತ್ರ. ಆ ಧಾರಾವಾಹಿಯ ಕತೆ ಹೀಗೆ: ಬೆಟ್ಟದ ಮೇಲೆ ಒಂದು ಕಾಫಿ ತೋಟ. ಕೂಲಿಯವರನ್ನು ಕೆಲಸಕ್ಕೆ ಕರೆಯಲು ಕಟ್ಟಿದ ಒಂದು ಗಂಟೆ. ಯಾರೂ ಇಲ್ಲದ ಹೊತ್ತಿನಲ್ಲಿ ಆ ಗಂಟೆ ಬಾರಿಸುತ್ತದೆ. ಬಾರಿಸಿದ ಮಾರನೆಯ ದಿನ ತೋಟದಲ್ಲಿ ಒಬ್ಬರು ಕಾಣೆಯಾಗುತ್ತಾರೆ. ಬಾರಿಸುವವರು ಯಾರು ಎಂಬುದೇ ಪ್ರಶ್ನೆ. ನರ್ಸಕ್ಕನ ಅಂಗಳದಲ್ಲಿ ಐದು ಜನರ ಮೇಲೆ ಅನುಮಾನವಿತ್ತು, ಐದಕ್ಕೂ ನಾವು ನಂಬರು ಕೊಟ್ಟಿದ್ದೆವು. ಒಂದು, ತೋಟದ ಮ್ಯಾನೇಜರು. ಎರಡು, ಮುದುಕ ವಾಚ್‌ಮನ್ನು. ಮೂರು, ಡಾಕ್ಟರು. ನಾಲ್ಕು, ಯಾವತ್ತೂ ಮಾತಾಡದ ಅಡುಗೆಯವಳು. ಐದು, ಮ್ಯಾನೇಜರನ ಮಗಳು, ಕೆರೆಯಲ್ಲಿ ಮುಳುಗಿ ಸತ್ತವಳು, ಅಂದರೆ ಅವಳ ದೆವ್ವ.

ಬೇರೆ ಕಡೆ ಹೇಗಿತ್ತೋ ಗೊತ್ತಿಲ್ಲ, ನಮ್ಮ ಕಡೆ ಆ ಒಂದು ತಿಂಗಳು ಜನ ಇನ್ನೇನನ್ನೂ ಮಾತಾಡಲಿಲ್ಲ. ಮೆಟ್ಟೂರು ಬಸ್ಸಿನ ಕಂಡಕ್ಟರು ಟಿಕೆಟ್ ಹರಿದು ಕೊಡುವಾಗ ಊರು ಕೇಳಿದ ಮೇಲೆ ನಂಬರು ಕೇಳುತ್ತಿದ್ದ. ಏರ್ಕಾಡಿನಲ್ಲಿ ಮೆಣಸು ಬಿಡಿಸಲು ಹೋಗಿಬಂದ ಒಬ್ಬ, ಧಾರಾವಾಹಿಯಲ್ಲಿ ತೋರಿಸುವ ಬಂಗಲೆ ತಾನು ಕೆಲಸ ಮಾಡಿದ ತೋಟದ್ದೇ, ಆ ಗಂಟೆಯನ್ನು ತಾನೇ ಬಾರಿಸಿದ್ದೇನೆ ಎಂದು ಟೀ ಅಂಗಡಿಯಲ್ಲಿ ಹೇಳಿದ. ಹಾಗಾದರೆ ನೀನೇ ಆರನೇ ನಂಬರು ಎಂದು ಅವನನ್ನು ಎಲ್ಲರೂ ಆರು, ಆರು ಎಂದೇ ಕರೆಯತೊಡಗಿದರು. ಸೇಲಂನಿಂದ ಬಂದವರು ಯಾರೋ, ಮದ್ರಾಸಿನಲ್ಲಿ ಎರಡು ಕೊನೆ ತೆಗೆದಿಟ್ಟಿದ್ದಾರಂತೆ, ಯಾವುದನ್ನು ತೋರಿಸುತ್ತಾರೆ ಅಂತ ನಟಿಸಿದವರಿಗೇ ಗೊತ್ತಿಲ್ಲವಂತೆ ಎಂದು ಸುದ್ದಿ ತಂದರು. ಹೆಂಗಸರಲ್ಲಿ ಹೆಚ್ಚಿನವರು ಐದು ಎನ್ನುತ್ತಿದ್ದರು. ನೀರಿನ ಪಕ್ಕ ಇರುವ ಊರು ನಮ್ಮದು. ಮುಳುಗಿದವರು ಸುಮ್ಮನಿರುವುದಿಲ್ಲ ಎಂಬ ನಂಬಿಕೆ. ನರ್ಸಕ್ಕ ಮಾತ್ರ, ಡಾಕ್ಟರನ್ನು ಕಂಡ ಅನುಭವದಿಂದಲೋ ಏನೋ, ಮೂರನ್ನು ಬಿಟ್ಟು ಕದಲಲಿಲ್ಲ.

ಅಣ್ಣನ ನಂಬರು ಏನು ಎಂದು ಎಲ್ಲರೂ ಕೇಳುತ್ತಿದ್ದರು, ಏಕೆಂದರೆ ಅವನ ಊಹೆ ತಪ್ಪುವುದಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಕುರಿಯ ವಯಸ್ಸು, ತೂಕ, ಹೊಟ್ಟೆಯಲ್ಲಿರುವ ಮರಿ, ಯಾವುದನ್ನು ಕೇಳಿದರೂ ಕೈಯಿಟ್ಟು ಹೇಳುತ್ತಿದ್ದ. ಅವನು ಸಂತೆಯಲ್ಲಿ ದಲ್ಲಾಳಿ. ಮೇಚೇರಿಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರು ಎದುರುಬದುರು ನಿಂತು, ಕೈಮೇಲೆ ಟವಲು ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಹಿಡಿದಷ್ಟು ಬೆರಳು, ಅಷ್ಟು ಲೆಕ್ಕ. ಸುತ್ತ ನೂರು ಜನ ನಿಂತಿದ್ದರೂ ಆ ಇಬ್ಬರಿಗೆ ಬಿಟ್ಟು ಇನ್ನಾರಿಗೂ ತಿಳಿಯುವುದಿಲ್ಲ. ನಾನು ಚಿಕ್ಕವಳಿದ್ದಾಗ ಅಣ್ಣ ನನಗೆ ಅದನ್ನು ಆಟವಾಗಿ ಕಲಿಸಿದ್ದ. ಅಂಗಡಿಯಿಂದ ಎಷ್ಟು ಮಿಠಾಯಿ ತರಬೇಕು ಎಂದು ಟವಲಿನ ಕೆಳಗೆ ನಾನು ಅವನ ಬೆರಳು ಹಿಡಿಯಬೇಕು. ಅವ್ವನಿಗೆ ಅದು ಸರಿಬರುತ್ತಿರಲಿಲ್ಲ. ಹೆಂಗಸರು ಟವಲಿನ ಕೆಳಗೆ ಕೈ ಹಾಕುವ ಪದ್ಧತಿ ಇಲ್ಲ.

ಆ ಸಂಜೆ ಧಾರಾವಾಹಿ ಗಂಟೆಯ ಹಗ್ಗ ಹಿಡಿದ ಒಂದು ಕೈಯನ್ನು ತೋರಿಸಿ ನಿಂತಿತು. ಮುಖ ತೋರಿಸಲಿಲ್ಲ. ಅಂಗಳದಲ್ಲಿ ಗದ್ದಲವೋ ಗದ್ದಲ. ಅದು ಗಂಡಸಿನ ಕೈ ಎಂದು ಕೆಲವರು, ಬಳೆ ತೆಗೆದ ಗುರುತು ಇತ್ತು ಎಂದು ಕೆಲವರು. ನರ್ಸಕ್ಕ ಬಾಗಿಲಲ್ಲಿ ನಿಂತು ಅಣ್ಣನನ್ನು ಕೇಳಿದರು.

"ಏನಪ್ಪಾ ದಲ್ಲಾಳಿ, ಈಗ್ಲಾದ್ರೂ ಬಾಯ್ ಬಿಡ್ತೀಯಾ?"

"ಬಾಯಲ್ಲಿ ಯೋಳಿದ್ರೆ ಬೆಲೆ ಬಿದ್ದೋಗುತ್ತೆ ನರ್ಸಕ್ಕಾ" ಎಂದು ಅಣ್ಣ ಹೆಗಲ ಮೇಲಿನ ಟವಲು ತೆಗೆದ. "ಅಮ್ಮಣೀ, ಕೈ ಕೊಡು. ನಿಂಗೆ ಮಾತ್ರ ಯೋಳ್ತೀನಿ. ಬರೋ ವಾರ ಎಲ್ಲಾರ್ಗೂ ನೀನೇ ಯೋಳು."

ನಮ್ಮ ಕಡೆ ಮನೆಯ ಹೆಣ್ಣುಮಕ್ಕಳನ್ನು ಅಮ್ಮಣಿ ಎಂದೇ ಕರೆಯುವುದು. ನಾನು ಎದ್ದು ಹೋಗಿ ಕೈ ಕೊಟ್ಟೆ. ಅವನು ಟವಲು ಹೊದಿಸಿದ. ನನ್ನ ತೋರುಬೆರಳನ್ನೂ ನಡುಬೆರಳನ್ನೂ ಸೇರಿಸಿ ಹಿಡಿದ. ಗೋಡೆಯ ಪಕ್ಕ ಕೂತಿದ್ದ ಒಬ್ಬ, "ಏನ್ಲಾ, ತಂಗಿಗೇ ಕುರಿ ಮಾರ್ತಾ ಇದ್ದೀಯಾ?" ಎಂದ. ಎಲ್ಲರೂ ನಕ್ಕರು. ಇನ್ನೊಬ್ಬಳು, "ಕುರಿ ಅಲ್ಲ, ತಂಗೀನೇ ಮಾರ್ತಾವ್ನೆ, ಗಂಡು ಎಲ್ಲಿ?" ಎಂದಳು. ಆಗ ನನಗೆ ಹತ್ತೊಂಬತ್ತು. ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿತ್ತು. ನನ್ನ ಮುಖ ಬಿಸಿಯಾಯಿತು. ಅಣ್ಣನ ಬೆರಳುಗಳು ಸಡಿಲವಾದದ್ದು ತಿಳಿಯಿತು. ಮುಗಿಯಿತು ಎಂದುಕೊಂಡು ಕೈ ಎಳೆದುಕೊಂಡೆ.

"ಆಯ್ತಾ?" ಎಂದ ಅವನು, ನನ್ನ ಮುಖ ನೋಡಿ.

"ಆಯ್ತು" ಎಂದೆ.

ಅವನು ಒಂದು ಕ್ಷಣ ನಿಂತಿದ್ದು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

ಮಾರನೆಯ ದಿನ ಬೆಳಕು ಹರಿಯುವಾಗ ಕುರಿಗಳನ್ನು ಟೆಂಪೊಗೆ ಹತ್ತಿಸಿಕೊಂಡು ಹೊರಟ. ನಾನು ಬಾಗಿಲಿಗೆ ನೀರು ಹಾಕುತ್ತಿದ್ದೆ. ಸಂತೆ ಮುಗಿಸಿ ಬರುವಾಗ ಇಳಿಜಾರಿನ ತಿರುವಿನಲ್ಲಿ ಟೆಂಪೊ ಮಗುಚಿತು. ಮುಂದೆ ಕೂತಿದ್ದ ಡ್ರೈವರಿಗೆ ಕೈ ಮುರಿಯಿತು. ಮಾರಾಟವಾಗದೆ ಉಳಿದ ನಾಲ್ಕು ಕುರಿಗಳ ಜೊತೆ ಅಣ್ಣ ಹಿಂದೆ ನಿಂತಿದ್ದ. ಮಧ್ಯಾಹ್ನ ಮೂರಕ್ಕೆ ನರ್ಸಕ್ಕನೇ ಆಸ್ಪತ್ರೆಯಿಂದ ಬಿಳಿ ಸೀರೆಯಲ್ಲೇ ಓಡಿ ಬಂದರು. ಅವರನ್ನು ನೋಡಿಯೇ ಅವ್ವ ಎದ್ದು ನಿಂತಳು. ಅವಳ ಮಡಿಲಿನಲ್ಲಿದ್ದ ಕಡಲೆಕಾಯಿ ಎಲ್ಲ ನೆಲಕ್ಕೆ ಬಿತ್ತು. ಅದನ್ನು ಆರಿಸಬೇಕು ಎಂದು ನಾನು ಬಗ್ಗಿದ್ದು ನೆನಪಿದೆ. ಯಾಕೆ ಬಗ್ಗಿದೆನೋ ಗೊತ್ತಿಲ್ಲ.

ಮುಂದಿನ ಮಂಗಳವಾರ ಮನೆಯಲ್ಲಿ ಸೂತಕ. ಒಲೆ ಹಚ್ಚುತ್ತಿರಲಿಲ್ಲ, ನೆಂಟರು ಅನ್ನ ತರುತ್ತಿದ್ದರು. ಸೂತಕದವರು ಇನ್ನೊಬ್ಬರ ಮನೆಯೊಳಗೆ ಕಾಲಿಡುವಂತಿಲ್ಲ. ಆರು ದಿನದಿಂದ ಅವ್ವ ಯಾರೊಡನೆಯೂ ಸರಿಯಾಗಿ ಮಾತಾಡಿರಲಿಲ್ಲ. ಸಂಜೆ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ ಕೇಳಿದಳು.

"ಇವತ್ತಲ್ವಾ ಅದು?"

ನಾನು ಹೂಂ ಅಂದೆ.

"ಓಗಿ ನೋಡ್ಕೊಂಡ್ ಬಾ. ಅವ್ನು ನಿಂಗ್ ಯೋಳಿದ್ದು ಸರೀನಾ ಅಂತ ನೋಡ್ಕೊಂಡ್ ಬಾ."

ಚಿಕ್ಕಮ್ಮ ಬೇಡ ಎಂದಳು, ಜನ ಏನೆನ್ನುತ್ತಾರೆ ಎಂದಳು. ಅವ್ವ ಕೇಳಲಿಲ್ಲ. ನಾನು ಹೋದೆ. ನರ್ಸಕ್ಕನಿಗೆ ಯಾರು ಹೇಳಿದರೋ, ಅವರು ಟೀವಿಯನ್ನು ಕಿಟಕಿಯ ಕಡೆಗೆ ತಿರುಗಿಸಿ ಇಟ್ಟಿದ್ದರು. ಒಳಗೆ ಕೂತವರೆಲ್ಲ ಓರೆಯಾಗಿ ಕೂತು ನೋಡುತ್ತಿದ್ದರು. ನಾನು ಓಣಿಯಲ್ಲಿ, ಕಿಟಕಿಯ ಸರಳಿನ ಹೊರಗೆ, ಸೆರಗು ತಲೆಗೆ ಹೊದ್ದು ನಿಂತೆ. ಯಾರೂ ನನ್ನನ್ನು ಮಾತಾಡಿಸಲಿಲ್ಲ. ಯಾರೂ ನಂಬರಿನ ಮಾತನ್ನೂ ಎತ್ತಲಿಲ್ಲ. ಅಷ್ಟು ಜನ ಅಷ್ಟು ಸುಮ್ಮನೆ ಆ ಧಾರಾವಾಹಿ ನೋಡಿದ್ದು ಅದೊಂದೇ ಸಲ.

ಅಣ್ಣ ಹಿಡಿದದ್ದು ಎರಡು ಬೆರಳು. ಎರಡು, ಅಂದರೆ ವಾಚ್‌ಮನ್ನು. ನಾನು ಆ ಮುದುಕನನ್ನೇ ನೋಡುತ್ತಿದ್ದೆ. ಅರ್ಧ ಗಂಟೆ ಕಳೆಯಿತು. ಹಗ್ಗ ಹಿಡಿದ ಕೈ ಮತ್ತೆ ಬಂತು, ಕ್ಯಾಮೆರಾ ಮೇಲಕ್ಕೆ ಹೋಗುತ್ತ ಹೋಗುತ್ತ ಮುಖ ತೋರಿಸಿತು. ಅದು ಅಡುಗೆಯವಳು. ಅವಳು ಬಾಯಿ ತೆರೆದು ಮೊದಲ ಸಲ ಮಾತಾಡಿದಳು. ಒಳಗೆ ಯಾರೋ ಆಹಾ ಅಂದು ತಕ್ಷಣ ಬಾಯಿ ಮುಚ್ಚಿಕೊಂಡರು. ವಾಚ್‌ಮನ್ನು ಏನೂ ಮಾಡಿರಲಿಲ್ಲ. ಅವನು ಗೋಡೆಗೊರಗಿ ಅಳುತ್ತಿದ್ದ.

ಮನೆಗೆ ಬಂದಾಗ ಅವ್ವ ಗೋಡೆಗೆ ಒರಗಿಯೇ ಕೂತಿದ್ದಳು.

"ಅವ್ನು ಯೋಳ್ದಂಗೇನಾ?"

ಸುಳ್ಳು ಹೇಳಬಹುದಿತ್ತು. ನನಗೆ ಹೊಳೆಯಲಿಲ್ಲ. "ಇಲ್ಲವ್ವಾ. ಅಣ್ಣ ಎರಡು ಅಂದಿದ್ದ. ಬಂದಿದ್ದು ನಾಲ್ಕು" ಎಂದೆ.

ಅವಳು ಅಳಲಿಲ್ಲ. ಅವನು ಹಾಗೆ ತಪ್ಪುವವನಲ್ಲ ಎಂದಷ್ಟೇ ಹೇಳಿದಳು. ಅದೇ ವಾರ ಆ ಕೆಂಚು ಕುರಿ ಈಯಿತು. ಎರಡು ಮರಿ. ಅವ್ವ ಎರಡನ್ನೂ ಮಡಿಲಿನಲ್ಲಿ ಇಟ್ಟುಕೊಂಡು ಅದೇ ಮಾತನ್ನು ಮತ್ತೆ ಹೇಳಿದಳು. ಅವಳು ಮಗನನ್ನು ಕಳೆದುಕೊಂಡದ್ದರ ಮೇಲೆ ನಾನು ಅವನ ಹೆಸರನ್ನೂ ಕೆಡಿಸಿದೆನೇನೋ ಎಂದು ನನಗೆ ಅನ್ನಿಸತೊಡಗಿತು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಅಣ್ಣನ ಜೊತೆಗಾರ ದಲ್ಲಾಳಿ ಬಂದಿದ್ದರು. ಅಣ್ಣನಿಗೆ ಕೆಲಸ ಕಲಿಸಿದವರೇ ಅವರು, ಎಪ್ಪತ್ತು ದಾಟಿದ ಮನುಷ್ಯ. ಊಟ ಮುಗಿಸಿ ಬೇವಿನ ಮರದ ಕೆಳಗೆ ಕೂತಿದ್ದಾಗ ನಾನು ನೀರು ಕೊಟ್ಟೆ. ಯಾಕೋ ಅವರಿಗೆ ಎಲ್ಲವನ್ನೂ ಹೇಳಿದೆ: ಟವಲು, ಎರಡು ಬೆರಳು, ಧಾರಾವಾಹಿ, ಅವ್ವನ ಮಾತು. ಅವರು ನೀರಿನ ಚೊಂಬು ಕೆಳಗಿಟ್ಟರು.

"ಎಷ್ಟ್ ಪುಡಿ ಪುಡಿದ?"

ಪುಡಿ ಎಂದರೆ ಹಿಡಿತ. ಸಂತೆಯಲ್ಲಿ ಆ ಮಾತಿಗೆ ತಮಿಳೇ ನಡೆಯುವುದು. ಒಂದು ಎಂದೆ.

"ಒಂದೇ ಪುಡೀಲಿ ಅವ್ನು ಯಾವತ್ತೂ ಮುಗಿಸ್ದವ್ನಲ್ಲಮ್ಮಾ. ಮೂರಿದ್ರೂ ಒಂದು, ಆಮೇಲೆ ಎರಡು. ನಾಲ್ಕಿದ್ರೂ ಎರಡ್ ಸಲಕ್ಕೆ ಒಡ್ದೇ ಪುಡೀತಿದ್ದ, ಎರಡ್ನೂ ಕೂಡ್ಸ್ಕೋಬೇಕು. ನಡುವ್ನಾಗ ಕೈ ಸಡ್ಲ ಬಿಡ್ತಿದ್ದ, ನೋಡೋರ್ಗೆ ಮುಗೀತು ಅನ್ಸ್ಬೇಕು ಅಂತ. ಸಡ್ಲ ಬಿಟ್ಟಾಗ ಕೈ ತಗೀಬಾರ್ದು."

ನಾನು ಕೈ ತೆಗೆದೆ ಎಂದು ಹೇಳಿದೆ. ಅಂಗಳದಲ್ಲಿ ಎಲ್ಲರೂ ನಕ್ಕರು, ನನಗೆ ನಾಚಿಕೆಯಾಯಿತು ಎಂದೆ.

ಅವರು ನನ್ನನ್ನು ಬಯ್ಯಲಿಲ್ಲ. ತಮ್ಮ ಟವಲು ತೆಗೆದು ನನ್ನ ಕೈಮೇಲೆ ಹಾಕಿ, ಅಣ್ಣ ಹೇಗೆ ಹಿಡಿಯುತ್ತಿದ್ದ ಎಂದು ತೋರಿಸಿದರು. ಎರಡು ಬೆರಳು. ಸಡಿಲ. ಉಸಿರು ಒಂದು ಸಲ ಒಳಗೆ ಹೋಗಿ ಹೊರಗೆ ಬರುವಷ್ಟು ಹೊತ್ತು. ಆಮೇಲೆ ಅಣ್ಣನ ಬೆರಳು ಮತ್ತೆ ಹಿಡಿಯುತ್ತಿದ್ದವಂತೆ. ಆ ಮುದುಕರ ಬೆರಳು ಒಣಗಿ ಗಟ್ಟಿಯಾಗಿದ್ದವು. ಅವರು ಮತ್ತೆ ಹಿಡಿಯುವ ಮೊದಲೇ ನಿಲ್ಲಿಸಿದರು. "ಮಿಕ್ಕಿದ್ದು ನಂಗೊತ್ತಿಲ್ಲ" ಎಂದರು. ಈ ಸಲ ನಾನು ಕೈ ತೆಗೆಯಲಿಲ್ಲ. ಅವರೇ ಟವಲು ಎತ್ತಿಕೊಂಡರು.

ಒಳಗೆ ಹೋಗಿ ಅವ್ವನಿಗೆ ಹೇಳಿದೆ. ಅವಳ ಮುಖದಲ್ಲಿ ಹನ್ನೊಂದು ದಿನದಲ್ಲಿ ಮೊದಲ ಸಲ ಏನೋ ಅಲುಗಿತು.

"ಅಂಗಾದ್ರೆ ಎರಡೂ ಎರಡೂ ನಾಲ್ಕೇ" ಎಂದಳು. "ನಾನ್ ಯೋಳಿರ್ನಿಲ್ವಾ?"

ಅವಳು ಅದನ್ನು ಎಲ್ಲರಿಗೂ ಹೇಳಿದಳು. ನರ್ಸಕ್ಕನಿಗೆ, ಬಸ್ಸಿನ ಕಂಡಕ್ಟರಿಗೆ, ಕೊನೆಗೆ ನನ್ನ ಮದುವೆಯಲ್ಲಿ ಗಂಡಿನ ಕಡೆಯವರಿಗೂ. ನನ್ನ ಮಗ ಮೊದಲೇ ನಾಲ್ಕು ಅಂದಿದ್ದ, ಅಡುಗೆಯವಳು ಅಂದಿದ್ದ, ಇವಳ ಕೈಯಲ್ಲಿ ಹೇಳಿದ್ದ ಎಂದು. ಕೇಳಿದವರು ನನ್ನ ಕಡೆ ನೋಡುತ್ತಿದ್ದರು. ನಾನು ಹೌದು ಎನ್ನುತ್ತಿದ್ದೆ. ನಾಲ್ಕು ಆಗಿರಬಹುದು. ಎರಡರ ಮೇಲೆ ಮೂರು ಹಿಡಿಯಬೇಕೆಂದಿದ್ದರೆ ಐದು, ಅಂದರೆ ಮುಳುಗಿದ ಹುಡುಗಿ. ಒಂದು ಹಿಡಿಯಬೇಕೆಂದಿದ್ದರೆ ಮೂರು, ನರ್ಸಕ್ಕನ ಡಾಕ್ಟರು. ಅವನು ನನ್ನ ಮುಖ ನೋಡಿ ಆಯ್ತಾ ಎಂದು ಕೇಳಿದ್ದ. ಆಗಿಲ್ಲ ಎಂದಿದ್ದರೆ ಮತ್ತೆ ಟವಲು ಹೊದಿಸುತ್ತಿದ್ದ.

ಅವ್ವ ಈಗಿಲ್ಲ. ನಾಲ್ಕು ಎಂಬ ನಂಬಿಕೆಯಲ್ಲೇ ಹೋದಳು. ಅಣ್ಣನ ಟವಲು ನನ್ನ ಹತ್ತಿರ ಇದೆ. ಸಂತೆಯ ದಿನ ಅವನ ಹೆಗಲ ಮೇಲಿದ್ದದ್ದೇ ಅದು. ಮೊದಲನೆಯ ಹಿಡಿತ ಯಾವ ಎರಡು ಬೆರಳಿಗೆ, ಎಷ್ಟು ಬಿಗಿಯಾಗಿತ್ತು ಎಂಬುದು ಇವತ್ತಿಗೂ ಕೈಯಲ್ಲಿದೆ. ಎರಡನೆಯ ಹಿಡಿತ ನನ್ನ ಹತ್ತಿರ ಇಲ್ಲ.